ಅಟ್ಟದ ಟ್ರಂಕಿನಲ್ಲಿರುವ ರಸಮಂಜರಿ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: 1992ರಿಂದ 1999ರ ತನಕ ನಾವು ಐವರು ಗೆಳೆಯರು ನಮ್ಮ ಕಡೆಯ ಒಂದು ವಾದ್ಯಗೋಷ್ಠಿಯ ಬೆನ್ನು ಹಿಡಿದು ಸುರತ್ಕಲ್‌ನಿಂದ ಕುಂದಾಪುರದವರೆಗೆ ತಿರುಗಿದವರು. ಅವರ ರಸಮಂಜರಿ ಎಲ್ಲಿದ್ದರೂ ಹೋಗುತ್ತಿದ್ದೆವು. ಒಂದೇ ಹಾಡನ್ನು ಅವರು ಎರಡು ಊರಿನಲ್ಲಿ ಒಂದೇ ತರ ಬಾರಿಸಿದ್ದಿಲ್ಲ. ಒಂದು ಕಡೆ ಆರು ನಿಮಿಷಕ್ಕೆ ಮುಗಿದದ್ದು ಇನ್ನೊಂದು ಕಡೆ ಕೀಬೋರ್ಡ್, ಸ್ಯಾಕ್ಸೋಫೋನ್, ತಬಲಾಗಳ ಸವಾಲ್ ಜವಾಬ್ ಆಗಿ ಇಪ್ಪತ್ತು ನಿಮಿಷ ಹೋಗುತ್ತಿತ್ತು. ಗಲ್ಫಿನಿಂದ ಬಂದ, ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ಒಂದರಲ್ಲೇ ಇರುವ ಟೂ ಇನ್ ಒನ್‌ನಲ್ಲಿ ನಾವು ರೆಕಾರ್ಡ್ ಮಾಡಿದ 42 ಕ್ಯಾಸೆಟ್ ಅಟ್ಟದ ಟ್ರಂಕಿನಲ್ಲಿವೆ, ಕೆಲವಕ್ಕೆ ಬಿಳಿ ಬೂಷ್ಟು ಬಂದಿದೆ. ಐವರಲ್ಲಿ ಒಬ್ಬ ಈಗ ಇಲ್ಲ, ಇಬ್ಬರು ಹೊರದೇಶದಲ್ಲಿದ್ದಾರೆ. ಡಿಸೆಂಬರಿನಲ್ಲಿ ಎಲ್ಲರೂ ಸೇರಿ ಕೇಳುವ ಆಸೆ. ಎಲ್ಲಿಂದ ಶುರು ಮಾಡಬೇಕು? (ಕಟಪಾಡಿಯ ಓದುಗರು)

ಉತ್ತರ: ಮೊದಲ ಮಾತು, ಯಾವ ಕ್ಯಾಸೆಟ್ಟನ್ನೂ "ಸುಮ್ಮನೆ ಒಮ್ಮೆ ನೋಡುವ" ಎಂದು ಮನೆಯ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಬೇಡಿ. ಇಪ್ಪತ್ತೈದು ಮೂವತ್ತು ವರ್ಷ ಅಲುಗದೆ ಕೂತ ರೀಲು ಮೊದಲ ಸಲ ಓಡುವಾಗಲೇ ತುಂಡಾಗುವ, ಸಿಕ್ಕಿಹಾಕಿಕೊಳ್ಳುವ ಸಂಭವ ಹೆಚ್ಚು. ಆ ಮೊದಲ ಓಟವೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಓಟವೂ ಆಗಿರಬೇಕು. ಎರಡನೆಯ ಮಾತು ಇದಕ್ಕಿಂತ ದೊಡ್ಡದು: ಇಳಿಸಿಕೊಂಡ ಮೇಲೂ ಗೆಳೆಯರಿಗೆ ಕೂಡಲೇ ಕೇಳಿಸಬೇಡಿ. ಅದರ ಕಾರಣ ಮುಂದೆ ಹೇಳುತ್ತೇನೆ.

ಸಮಯದ ಲೆಕ್ಕ ಹಾಕಿಕೊಳ್ಳಿ. 42 ಕ್ಯಾಸೆಟ್, ಎಲ್ಲವೂ ತೊಂಬತ್ತು ನಿಮಿಷದವು ಎಂದಿಟ್ಟುಕೊಂಡರೆ 63 ಗಂಟೆ. ಇದನ್ನು ಬೇಗ ಮುಗಿಸುವ ದಾರಿಯಿಲ್ಲ, ಹಾಡು ಓಡಿದಷ್ಟೇ ಹೊತ್ತು ಬೇಕು. ದಿನಕ್ಕೆ ಎರಡರಂತೆ ಹಿಡಿದರೆ ಮೂರು ವಾರ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕ್ಯಾಸೆಟ್ ಬಿಚ್ಚುವ ಕೆಲಸಕ್ಕೆ ಕೈಹಾಕಿದರೆ ಒಣಗಿಸಿದ್ದು ಮತ್ತೆ ತೇವ ಹೀರುತ್ತದೆ. ಆದ್ದರಿಂದ ಒಣಗಿಸುವುದನ್ನು ಈಗಲೇ ಶುರು ಮಾಡಿ, ಬಿಚ್ಚಿ ಇಳಿಸುವುದನ್ನು ನವೆಂಬರಿಗೆ ಇಟ್ಟುಕೊಳ್ಳಿ.

ಟ್ರಂಕಿನಿಂದ ಹೊರತೆಗೆಯುವಾಗಲೇ ಪ್ರತಿ ಕ್ಯಾಸೆಟ್‌ಗೂ ಒಂದು ನಂಬರು ಕೊಡಿ, ಡಬ್ಬಿ, ಒಳಗಿನ ಕಾಗದ, ಎರಡೂ ಮೈ (ಸೈಡ್), ಎಲ್ಲದರ ಫೋಟೋ ತೆಗೆಯಿರಿ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ, ಇನ್ನು ಮುಂದೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟಿದ್ದರೆ ಮೊದಲು ಅದನ್ನು ದೂರ ಎಸೆಯಿರಿ. ನ್ಯಾಫ್ತಲೀನಿನ ಆವಿ ಕ್ಯಾಸೆಟ್ಟಿನ ಪಾಲಿಸ್ಟೈರೀನ್ ಚಿಪ್ಪನ್ನು ಮೆತ್ತಗೆ ಮಾಡುತ್ತದೆ. ಡಬ್ಬಿಯ ಮುಚ್ಚಳ ಅಂಟಂಟಾಗಿದ್ದರೆ ಅದೇ ಕಾರಣ ಇರಬಹುದು.

ಒಣಗಿಸಲು ಬೇಕಾದದ್ದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಮತ್ತು ಸಿಲಿಕಾ ಜೆಲ್. ಇಪ್ಪತ್ತು ಕ್ಯಾಸೆಟ್‌ಗೆ ಅರ್ಧ ಕಿಲೋ ಸಾಕು. ತೇವ ಹೀರಿದಾಗ ಬಣ್ಣ ಬದಲಿಸುವ ಕಿತ್ತಳೆ ಹರಳಿನದ್ದನ್ನೇ ಕೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗುವ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯೊಳಗೆ ಅದು ಬೇಡ. ಕ್ಯಾಸೆಟ್‌ಗಳನ್ನು ಅವುಗಳ ಡಬ್ಬಿಯಿಂದ ಹೊರತೆಗೆದು ನಿಲ್ಲಿಸಿಡಿ, ಎರಡು ವಾರ ಬಿಡಿ. ಹರಳಿನ ಬಣ್ಣ ಪೂರ್ತಿ ಬದಲಾದರೆ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಬೂಷ್ಟು ಹಿಡಿದ ಕ್ಯಾಸೆಟ್‌ಗಳಿಗೆ ಬೇರೆಯೇ ಡಬ್ಬ ಇರಲಿ. ಬಿಸಿಲಿಗೆ ಮಾತ್ರ ಖಂಡಿತ ಇಡಬೇಡಿ. ಹಪ್ಪಳ ಒಣಗಿಸಿದ ಹಾಗೆ ಅಂಗಳದಲ್ಲಿ ಹರಡಿದರೆ ಚಿಪ್ಪು ಡೊಂಕಾಗುತ್ತದೆ, ರೀಲು ಅಲೆಅಲೆಯಾಗುತ್ತದೆ. ಟೇಪನ್ನು ಓವನ್ನಿನಲ್ಲಿ ಬೇಯಿಸುವ ಒಂದು ಚಿಕಿತ್ಸೆಯ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಅದು ಸ್ಟುಡಿಯೋದಲ್ಲಿ ಬಳಸುತ್ತಿದ್ದ ಕೆಲವು ದೊಡ್ಡ ರೀಲುಗಳ ಅಂಟು ಕರಗುವ ರೋಗಕ್ಕೆ, ನಿಮ್ಮ ಕ್ಯಾಸೆಟ್‌ಗಳಿಗಲ್ಲ.

ಬೂಷ್ಟು ತೆಗೆಯುವ ಕೆಲಸವನ್ನು ಜಗಲಿಯಲ್ಲಿ, ನೆರಳಿನಲ್ಲಿ, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ಮಾಡಿ. ಕಿಟಕಿಯ ಮೂಲಕ ಕಾಣುವ ರೀಲಿನ ಸುತ್ತಿನ ಮೇಲೆ ಬಿಳಿ ಕಾಣುತ್ತದಲ್ಲ, ಅದನ್ನು ಮೆತ್ತನೆಯ ಬ್ರಷ್ಷಿನ ತುದಿಯಿಂದ ಮುಟ್ಟಿ ನೋಡಿ. ಹುಡಿಯಾಗಿ ಉದುರಿದರೆ ಒಣಗಿದೆ, ಮುಂದುವರಿಯಬಹುದು. ಬಳಿದ ಹಾಗೆ ಹರಡಿದರೆ ಇನ್ನೂ ಜೀವ ಇದೆ, ಮತ್ತೆ ಒಂದು ವಾರ ಡಬ್ಬಕ್ಕೆ. ಐದು ಸ್ಕ್ರೂ ಇರುವ ಚಿಪ್ಪಾದರೆ ಮೇಜಿನ ಮೇಲೆ ಸಪಾಟಾಗಿಟ್ಟು ಮೇಲಿನ ಅರ್ಧವನ್ನು ನೇರವಾಗಿ ಎತ್ತಿ. ಎತ್ತಿದ ಕ್ಷಣ ಒಳಗಿನ ಜೋಡಣೆಯ ಫೋಟೋ ತೆಗೆಯಿರಿ: ಎರಡು ಚಕ್ರ, ಎರಡು ಮೂಲೆಯಲ್ಲಿ ಪುಟ್ಟ ಉರುಳೆಗಳು, ರೀಲಿನ ಮೇಲೆ ಕೆಳಗೆ ಎರಡು ತೆಳು ಜಾರುಹಾಳೆ, ಹೆಡ್ (ರೀಲಿನಿಂದ ಸದ್ದನ್ನು ಓದುವ ಮೆಷಿನ್ನಿನ ಭಾಗ) ಬರುವಲ್ಲಿ ತಗಡಿನ ಪಟ್ಟಿಯ ಮೇಲೆ ಅಂಟಿಸಿದ ಫೆಲ್ಟಿನ ತುಂಡು. ಬ್ರಷ್ಷಿನಿಂದ ಎರಡೂ ಬದಿ ಝಾಡಿಸಿ, ರೀಲಿನ ಸುತ್ತನ್ನು ಬೇಡದ ಇನ್ನೊಂದು ಸ್ಕ್ರೂ ಕ್ಯಾಸೆಟ್ಟಿನ ಸ್ವಚ್ಛ ಚಿಪ್ಪಿಗೆ ದಾಟಿಸಿ. ಅಂಟಿಸಿ ಮುಚ್ಚಿದ ಚಿಪ್ಪಾದರೆ ಜೋಡಿನ ಗೆರೆಯಲ್ಲಿ ತೆಳು ಅಲಗು ಆಡಿಸಿ ಬಿಡಿಸಬೇಕು, ಅದಂತೂ ಮತ್ತೆ ಬಳಕೆಗೆ ಬರುವುದಿಲ್ಲ. ರೀಲಿಗೆ ನೀರಾಗಲಿ ಸ್ಪಿರಿಟ್ ಆಗಲಿ ಸೋಕಿಸಬೇಡಿ.

ಫೆಲ್ಟಿನ ತುಂಡು ಉದುರಿಹೋಗಿರುವುದು ಈ ವಯಸ್ಸಿನ ಕ್ಯಾಸೆಟ್‌ಗಳಲ್ಲಿ ತೀರಾ ಸಾಮಾನ್ಯ. ಅದಿಲ್ಲದಿದ್ದರೆ ರೀಲು ಹೆಡ್ಡಿಗೆ ಒತ್ತಿಕೊಳ್ಳುವುದಿಲ್ಲ. ಹಾಡು ನೀರೊಳಗಿಂದ ಬಂದ ಹಾಗೆ ಕೇಳುತ್ತದೆ, ಜನ "ಕ್ಯಾಸೆಟ್ ಹಾಳಾಯ್ತು" ಎಂದು ಎಸೆಯುತ್ತಾರೆ. ರೀಲಿಗೆ ಏನೂ ಆಗಿರುವುದಿಲ್ಲ. ಚಿಪ್ಪು ಬದಲಿಸಿದರೆ ಮುಗಿಯಿತು. ತುಂಡಾದ ರೀಲನ್ನು ಜೋಡಿಸಲು ಕ್ಯಾಸೆಟ್ ಅಗಲದ ಸ್ಪ್ಲೈಸಿಂಗ್ ಟೇಪ್ ತರಿಸಿಕೊಳ್ಳಿ, ರೀಲಿನ ಹೆಡ್ಡಿಗೆ ತಾಗದ ಬೆನ್ನಿಗೆ ಮಾತ್ರ ಅಂಟಿಸಿ. ಸೆಲ್ಲೋಟೇಪ್ ಹಾಕಿದರೆ ಸೆಕೆಗಾಲದಲ್ಲಿ ಗೋಂದು ಒಸರಿ ಪಕ್ಕದ ಸುತ್ತುಗಳೂ ಕಚ್ಚಿಕೊಳ್ಳುತ್ತವೆ.

ಇನ್ನು ಮೆಷಿನ್. ಯುಎಸ್‌ಬಿ ಇರುವ ಅಂಗೈ ಅಗಲದ ಅಗ್ಗದ ಪ್ಲೇಯರ್ ಕೊಳ್ಳಬೇಡಿ, ಅದರ ಓಟ ಸ್ಥಿರವಿಲ್ಲ. ಒಳ್ಳೆಯ ಕಂಪೆನಿಯ ಹಳೆಯ ಡೆಕ್ (ಸ್ಪೀಕರ್ ಇಲ್ಲದ, ಕ್ಯಾಸೆಟ್ ಓಡಿಸುವ ಮೆಷಿನ್) ಒಂದನ್ನು ಹುಡುಕಿ ಬೆಲ್ಟ್ ಬದಲಿಸಿಕೊಳ್ಳಿ. ಹಳೆಯ ಬೆಲ್ಟ್ ಡಾಮರಿನ ಹಾಗೆ ಕರಗಿರುತ್ತದೆ, ಅದರ ಕಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಪೂರ್ತಿ ಒರೆಸಿದ ಮೇಲೆಯೇ ಹೊಸದು ಹಾಕಬೇಕು. ಹೆಡ್ ಮತ್ತು ಅದರ ಪಕ್ಕದ ಉಕ್ಕಿನ ಕಡ್ಡಿಯನ್ನು ಪ್ರತಿ ಕ್ಯಾಸೆಟ್ ಆದ ಮೇಲೆ ಅದೇ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬೂಷ್ಟಿನ ಕ್ಯಾಸೆಟ್‌ಗಳನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ.

ಇಲ್ಲಿ ಒಂದು ಕೆಲಸವನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ಅರ್ಧ ದಂಡ. ಅದು ಹೆಡ್ಡಿನ ಓರೆ ಸರಿಪಡಿಸುವುದು. ನಿಮ್ಮ ಟೂ ಇನ್ ಒನ್‌ನ ಹೆಡ್ ರೀಲಿಗೆ ಯಾವ ಕೋನದಲ್ಲಿ ನಿಂತು ರೆಕಾರ್ಡ್ ಮಾಡಿತ್ತೋ ಅದೇ ಕೋನದಲ್ಲಿ ಈಗಿನ ಡೆಕ್ಕಿನ ಹೆಡ್ ನಿಲ್ಲದಿದ್ದರೆ ತಾಳ, ಸಿಂಬಲ್, ಚಪ್ಪಾಳೆಯ ಹೊಳಪೆಲ್ಲ ಮಾಯವಾಗುತ್ತದೆ. ಹೆಡ್ಡಿನ ಎರಡು ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ, ಅಡಿಯಲ್ಲಿ ಸ್ಪ್ರಿಂಗ್ ಇರುವುದೇ ಓರೆಯ ಸ್ಕ್ರೂ. ಈಗಿರುವ ಸ್ಥಾನವನ್ನು ಬಣ್ಣದ ಚುಕ್ಕೆಯಿಂದ ಗುರುತು ಮಾಡಿ. ಎಡ ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ ಹೆಡ್‌ಫೋನ್ ಹಾಕಿಕೊಂಡು, ಚಪ್ಪಾಳೆಯೋ ಸಿಂಬಲ್ಲೋ ಬರುವಾಗ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದರಷ್ಟು ಅತ್ತ ಇತ್ತ ತಿರುಗಿಸಿ. ಮಂಜು ಸರಿದ ಹಾಗೆ ಒಂದು ಬಿಂದುವಿನಲ್ಲಿ ಸದ್ದು ತಟ್ಟನೆ ತೆರೆದುಕೊಳ್ಳುತ್ತದೆ, ಅಲ್ಲಿ ನಿಲ್ಲಿಸಿ. ಅರ್ಧ ಸುತ್ತಿಗಿಂತ ಹೆಚ್ಚು ಬೇಕಾಗುವುದಿಲ್ಲ. ಅಯಸ್ಕಾಂತ ಹಿಡಿದಿರುವ ಸ್ಕ್ರೂಡ್ರೈವರ್ ಹತ್ತಿರ ತರಬೇಡಿ. ಇದನ್ನು ಪ್ರತಿ ಕ್ಯಾಸೆಟ್ಟಿನ ಪ್ರತಿ ಮೈಗೂ ಮಾಡಬೇಕು, ಏಕೆಂದರೆ ಐವರು ಗೆಳೆಯರೆಂದರೆ ಎರಡು ಮೂರು ಮೆಷಿನ್ ಇದ್ದೀತು. ಈ ಹೊಂದಾಣಿಕೆಗೆ ಆ ಮೈಯ ಮೊದಲ ಅರ್ಧ ನಿಮಿಷ ಬಳಸಿ, ಆಮೇಲೆ ಹಿಂದಕ್ಕೆ ಸುತ್ತಿ ಮೊದಲಿನಿಂದ ಇಳಿಸಿಕೊಳ್ಳಿ.

ಡೆಕ್ಕಿನ ಲೈನ್ ಔಟ್‌ನಿಂದ ಆಡಿಯೋ ಇಂಟರ್‌ಫೇಸಿಗೆ (ಸದ್ದನ್ನು ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕೊಡುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಹಾಕಬೇಡಿ. ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಉಚಿತ, ಸಾಕಾಗುತ್ತದೆ. 24 ಬಿಟ್, 96 ಕಿಲೋಹರ್ಟ್ಸ್, ವೇವ್ ಫೈಲು. ತೊಂಬತ್ತು ನಿಮಿಷಕ್ಕೆ ಸುಮಾರು 3.1 ಜಿಬಿ, ಎಲ್ಲ ಸೇರಿ 130 ಜಿಬಿ ಆಸುಪಾಸು. ಅದು ಹೆಚ್ಚಾಯಿತೆಂದರೆ 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ, ಅರ್ಧಕ್ಕೆ ಇಳಿಯುತ್ತದೆ, ಬಿಟ್ ಮಾತ್ರ 24ಕ್ಕಿಂತ ಇಳಿಸಬೇಡಿ. ಮಟ್ಟದ ಮುಳ್ಳು ಎಷ್ಟೇ ಜೋರು ಬಂದರೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಟೇಪಿನ ಗುಯ್‌ಗುಡುವಿಕೆ ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ, ಆ ಕಾಲದ ಹೆಚ್ಚಿನ ಟೂ ಇನ್ ಒನ್‌ಗಳಲ್ಲಿ ಡಾಲ್ಬಿ ಇರಲಿಲ್ಲ. ಒಂದು ಮೈಗೆ ಒಂದೇ ಫೈಲು, ಗುಂಡಿ ಒತ್ತಿದ ಟಕ್ ಸದ್ದಿನಿಂದ ಕೊನೆಯ ಟಕ್ ತನಕ.

ಹಾಡು ಹಾಡಾಗಿ ಕತ್ತರಿಸಿ ನಡುವಿನದ್ದನ್ನು ಎಸೆಯುವುದನ್ನು ಮಾತ್ರ ಮಾಡಬೇಡಿ. ನಡುವೆ ಏನಿರುತ್ತದೆ? ಮೈಕ್‌ಸೆಟ್‌ನವನ "ಚೆಕ್, ಚೆಕ್", ನಿರೂಪಕ ಓದುವ ದಾನಿಗಳ ಹೆಸರು, "ಬಿಳಿ ಮಾರುತಿ ಕಾರಿನವರು ದಯವಿಟ್ಟು ದಾರಿ ಬಿಡಿ", ಜನರೇಟರ್ ಶುರುವಾದ ಗುಡುಗುಡು, ಮೆಷಿನ್ ಪಕ್ಕದಲ್ಲೇ ಕೂತ ನಿಮ್ಮ ಐವರ ಪಿಸುಮಾತು. ಈಗ ಇಲ್ಲದ ಗೆಳೆಯನ ಸ್ವರ ಇರುವುದು ಅಲ್ಲೇ. ಗುಯ್‌ಗುಡುವಿಕೆ ತೆಗೆಯುವ ಫಿಲ್ಟರ್‌ಗಳು ಮೊದಲು ನುಂಗುವುದು ಇಂಥ ಮೆಲ್ಲಗಿನ ಸ್ವರಗಳನ್ನು. ಶುದ್ಧ ಮಾಡಬೇಕೆಂದರೆ ನಕಲಿನ ಮೇಲೆ ಮಾಡಿ, ಮೂಲ ಫೈಲು ಹಾಗೇ ಇರಲಿ.

ಕೇಳುವಾಗ ಹಾಡು ಸ್ವಲ್ಪ ಓಡಿದ ಹಾಗೆ, ಗಾಯಕನ ಕಂಠ ತೆಳ್ಳಗಾದ ಹಾಗೆ ಅನ್ನಿಸಬಹುದು. ರಾತ್ರಿ ಕಳೆದ ಹಾಗೆ ಟಾರ್ಚ್ ಸೆಲ್ಲು ಇಳಿದು ರೆಕಾರ್ಡ್ ಮಾಡುವಾಗ ಮೋಟಾರು ನಿಧಾನವಾಗಿರುತ್ತದೆ. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಅದೇ ಭಾಗ ಬೇಗ ಮತ್ತು ಎತ್ತರದ ಶ್ರುತಿಯಲ್ಲಿ ಬರುತ್ತದೆ, ಕ್ಯಾಸೆಟ್ಟಿನ ಕೊನೆಗೆ ಹೋದಂತೆ ಹೆಚ್ಚುತ್ತದೆ. ತಿದ್ದಲು ಒಂದು ಆಧಾರ ಬೇಕು. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದನ್ನು ಆಧಾರ ಮಾಡಿಕೊಳ್ಳುವ ರೂಢಿ ಕೆಲವು ದೇಶಗಳಲ್ಲಿದೆ, ನಮ್ಮ ಈ ಕ್ಯಾಸೆಟ್‌ಗಳಿಗೆ ಅದು ನಂಬಿಕೆಗೆ ಅರ್ಹವಲ್ಲ. 1990ರ ದಶಕದಲ್ಲಿ ದಕ್ಷಿಣದ ವಿದ್ಯುತ್ ಗ್ರಿಡ್ 50ಕ್ಕಿಂತ ಸಾಕಷ್ಟು ಕೆಳಗೆ ಓಡುವುದು ಮಾಮೂಲಾಗಿತ್ತು, ಜನರೇಟರಿನದ್ದಂತೂ ಅದರದೇ ಲೆಕ್ಕ. ಗ್ರಿಡ್ 48.5ಕ್ಕೆ ಇಳಿದಿದ್ದ ರಾತ್ರಿಯನ್ನು 50 ಎಂದು ತಿದ್ದಿದರೆ ಶ್ರುತಿ ಹತ್ತಿರಹತ್ತಿರ ಅರ್ಧ ಮನೆಯ (ಕೀಬೋರ್ಡಿನಲ್ಲಿ ಒಂದು ಬಿಳಿ ಮನೆಗೂ ಅದರ ಪಕ್ಕದ ಕಪ್ಪು ಮನೆಗೂ ಇರುವ ಅಂತರದ) ಅರ್ಧದಷ್ಟು ತಪ್ಪುತ್ತದೆ. ಕೀಬೋರ್ಡನ್ನು ನಂಬಿ. ಅದು ಸಾಮಾನ್ಯವಾಗಿ ನಡುವಿನ 'ಸಿ'ಯ ಮೇಲಿನ 'ಎ' ಸ್ವರವನ್ನು 440 ಹರ್ಟ್ಸ್‌ಗೆ ಹೊಂದಿಸಿಕೊಂಡು ಬಂದಿರುತ್ತದೆ. ಅದರ ಸ್ವರ ಒಂಟಿಯಾಗಿ ಕೇಳುವ ಜಾಗ ಹುಡುಕಿ ಫೋನಿನ ಟ್ಯೂನರ್ ಹಿಡಿಯಿರಿ, ಐದೈದು ನಿಮಿಷಕ್ಕೊಮ್ಮೆ ಅಳೆದು ಬರೆದುಕೊಳ್ಳಿ, ನಕಲಿನಲ್ಲಿ ತಿದ್ದಿ.

ಈಗ ಗೆಳೆಯರ ವಿಷಯ. ಒಮ್ಮೆ ಟೇಪು ಕೇಳಿದ ಮೇಲೆ ನಿಮ್ಮ ನೆನಪು ಯಾವುದು, ಟೇಪು ಹೇಳಿದ್ದು ಯಾವುದು ಎಂದು ಬಿಡಿಸಲು ಆಗುವುದಿಲ್ಲ. ನಾಲ್ವರು ಒಟ್ಟಿಗೆ ಕೂತು ಮಾತಾಡಿದರೂ ಅಷ್ಟೇ, ಜೋರಾಗಿ ಹೇಳಿದವನ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಆದ್ದರಿಂದ ಡಿಸೆಂಬರಿಗೆ ಮೊದಲೇ ಪ್ರತಿಯೊಬ್ಬರೂ ಗ್ರೂಪಿಗೆ ಹಾಕದೆ ನಿಮಗೊಬ್ಬರಿಗೇ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಲಿ. "ಏನೇನು ನೆನಪಿದೆ" ಎಂದು ಕೇಳಬೇಡಿ, ಉತ್ತರ ಎರಡು ಸಾಲು ಬರುತ್ತದೆ. ಹೀಗೆ ಕೇಳಿ: ಯಾವ ಗಾಡಿಯಲ್ಲಿ ಹೋದದ್ದು? ಮೆಷಿನ್ ಯಾರ ಮಡಿಲಲ್ಲಿತ್ತು? ಸ್ಟೇಜಿನ ಯಾವ ಬದಿ ಕೂತಿದ್ದೆವು? ಮಳೆ ಬಂತಾ? ಎಲ್ಲಿ ಚಾ ಕುಡಿದದ್ದು? ಕೊನೆಯ ಬಸ್ಸು ತಪ್ಪಿದ ರಾತ್ರಿ ಮನೆಗೆ ಬಂದದ್ದು ಹೇಗೆ? ಇಬ್ಬರ ಉತ್ತರ ತಾಳೆಯಾಗದಿದ್ದರೆ ಎರಡನ್ನೂ ಇಟ್ಟುಕೊಳ್ಳಿ, ತಿದ್ದಬೇಡಿ. ತೀರಿಕೊಂಡ ಗೆಳೆಯನ ಮನೆಯವರಲ್ಲಿ ಹಳೆ ಡೈರಿ, ಫೋಟೋದ ಹಿಂಬದಿಯ ಬರಹ, ಕಾರ್ಯಕ್ರಮದ ನೋಟೀಸು ಇವೆಯಾ ಎಂದು ವಿಚಾರಿಸಿ.

ತಾರೀಖು ಇಲ್ಲದ ಕ್ಯಾಸೆಟ್‌ಗಳಿಗೆ ತಾರೀಖು ಹಚ್ಚುವುದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ, ಉಡುಪಿ ಕಡೆಯವರಿಗೆ ಇದರಲ್ಲಿ ಒಂದು ಭಾಗ್ಯವೂ ಇದೆ. ಲೇಬಲ್ಲಿನಲ್ಲಿ "ಪರ್ಯಾಯ" (ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಹಬ್ಬ) ಎಂದಷ್ಟೇ ಇದ್ದರೂ ಅದು ಸಮಸಂಖ್ಯೆಯ ವರ್ಷದ ಜನವರಿ 17ರ ರಾತ್ರಿಯೋ 18ರದ್ದೋ ಅಥವಾ ಅದರ ಹಿಂದುಮುಂದಿನ ದಿನವೋ ಆಗಿರಬೇಕು. ನಿರೂಪಕನ ಬಾಯಲ್ಲಿ ಮಠದ ಹೆಸರು ಬಂದರೆ ವರ್ಷವೇ ಸಿಕ್ಕಿತು: ಪುತ್ತಿಗೆ 1992, ಶೀರೂರು 1994, ಸೋದೆ 1996, ಕಾಣಿಯೂರು 1998. ಕೃಷ್ಣಾಷ್ಟಮಿಯ ಮರುದಿನದ ಉತ್ಸವವಾದ ವಿಟ್ಲಪಿಂಡಿಯ ರಾತ್ರಿಯದ್ದಾದರೆ ಜಾಗ್ರತೆ. ಕೃಷ್ಣಮಠ ಸೌರಮಾನದ ಸಿಂಹ ಮಾಸವನ್ನು ನೋಡುವುದರಿಂದ ಬೇರೆ ಕಡೆಯ ಜನ್ಮಾಷ್ಟಮಿಗೂ ಇಲ್ಲಿಯದಕ್ಕೂ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುತ್ತದೆ. ಉಡುಪಿಯ ಪಂಚಾಂಗವನ್ನೇ ನೋಡಿ. "ಉಡುಪಿ ಜಿಲ್ಲೆ" ಎಂಬ ಮಾತು ಕೇಳಿದರೆ ಅದು 1997ರ ಆಗಸ್ಟಿನ ನಂತರದ್ದು. "ಅವಿಭಜಿತ ದಕ್ಷಿಣ ಕನ್ನಡ" ಎಂದರೂ ಹಾಗೆಯೇ, ಒಡೆಯುವ ಮೊದಲು ಯಾರೂ ಅವಿಭಜಿತ ಎನ್ನುವುದಿಲ್ಲ. ಸಿನಿಮಾ ಹಾಡುಗಳು ಕೆಳಗಿನ ಮಿತಿ ಕೊಡುತ್ತವೆ. 'ಜನುಮದ ಜೋಡಿ'ಯ ಹಾಡಿದ್ದರೆ 1996ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಹೊಸ ಸಿನಿಮಾಗಳ ಕ್ಯಾಸೆಟ್ ಮಾತ್ರ ಬಿಡುಗಡೆಗೆ ಮೊದಲೇ ಅಂಗಡಿಗೆ ಬರುತ್ತಿತ್ತು, ಆ ಕೆಲವು ವಾರ ಬಿಟ್ಟು ಲೆಕ್ಕ ಹಾಕಿ. ಇದೆಲ್ಲದರಿಂದ ತಿಂಗಳಿನವರೆಗೆ ಬಂದರೆ ಆ ತಿಂಗಳ ಹಳೆಯ ಪತ್ರಿಕೆಯ ಸ್ಥಳೀಯ ಕಾರ್ಯಕ್ರಮಗಳ ಪಟ್ಟಿ, ಅದೂ ಆಗದಿದ್ದರೆ ಭಜನಾ ಮಂದಿರದ ಅಥವಾ ಗಣೇಶೋತ್ಸವ ಸಮಿತಿಯ ಲೆಕ್ಕಪುಸ್ತಕ. ವಾದ್ಯಗೋಷ್ಠಿಗೆ ಕೊಟ್ಟ ಹಣ ಅಲ್ಲಿ ತಾರೀಖಿನ ಸಮೇತ ಬರೆದಿರುತ್ತಾರೆ.

ತಾರೀಖು ಕೂತ ಮೇಲೆ ಒಂದೇ ಹಾಡಿನ ಎಲ್ಲ ರಾತ್ರಿಗಳನ್ನು ಸಾಲಾಗಿ ಇಡಿ. ಊರು, ದಿನ, ಎಷ್ಟು ನಿಮಿಷ, ಸವಾಲ್ ಜವಾಬ್ ಎಷ್ಟನೇ ನಿಮಿಷಕ್ಕೆ ಶುರುವಾಯಿತು, ಯಾರು ಮೊದಲು ಎತ್ತಿಕೊಂಡರು, ಯಾರು ಹಾಡಿಗೆ ವಾಪಸು ತಂದರು, ಇಷ್ಟು ಸಾಕು. ಯಾವ ವರ್ಷ ತಬಲಾದವರು ಬದಲಾದರು, ಸ್ಯಾಕ್ಸೋಫೋನಿನವರು ಒಂದು ತಿರುವನ್ನು ಎಲ್ಲಿ ಮೊದಲು ಹಚ್ಚಿ ಆಮೇಲೆ ಹೇಗೆ ಬೆಳೆಸಿದರು ಎಂಬುದು ಕಣ್ಣಿಗೆ ಕಟ್ಟುತ್ತದೆ. ನೀವು ಊರೂರು ತಿರುಗಿದ್ದು ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದೊಡ್ಡ ತೊಡಕೆಂದರೆ 45ನೇ ನಿಮಿಷ. ಸವಾಲ್ ಜವಾಬ್ ಏರುತ್ತಿರುವಾಗಲೇ ಮೈ ಮುಗಿದು, ಮಗುಚಿ ಹಾಕುವಷ್ಟರಲ್ಲಿ ಹತ್ತಿಪ್ಪತ್ತು ಸೆಕೆಂಡ್ ಹೋಗಿರುತ್ತದೆ. ಅದೇ ರಾತ್ರಿ ಇನ್ನೊಬ್ಬರ ಮೆಷಿನ್ ಓಡಿದ್ದರೆ ಆ ತುಂಡನ್ನು ಅಲ್ಲಿಂದ ಜೋಡಿಸಬಹುದು, ಎರಡು ಮೆಷಿನ್‌ಗಳ ವೇಗ ಮೊದಲು ಒಂದಾಗಬೇಕು, ಅಷ್ಟೇ. ಕಲಾವಿದರ ಮನೆಯಲ್ಲೋ ಮೈಕ್‌ಸೆಟ್‌ನವರಲ್ಲೋ ಇನ್ನೊಂದು ಪ್ರತಿ ಇದ್ದರೂ ಇರಬಹುದು, ಕೇಳಿ ನೋಡಿ.

ಕಲಾವಿದರನ್ನು ಮಾತಾಡಿಸಲು ಇನ್ನೂ ಒಂದು ಕಾರಣ ಇದೆ. ನೀವು ಗೆಳೆಯರು ಮನೆಯಲ್ಲಿ ಕೂತು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಯೂಟ್ಯೂಬಿಗೆ ಹಾಕುವುದು ಬೇರೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನ ಪ್ರಕಾರ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. 1996ರ ಕಾರ್ಯಕ್ರಮದ್ದು 2046ರ ಕೊನೆಯ ತನಕ. ಸಿನಿಮಾ ಹಾಡಿನ ಹಕ್ಕು ಇನ್ನೊಬ್ಬರದು. ಮೊದಲು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕಲಾವಿದರಿಗೆ ಕೊಟ್ಟು ಬನ್ನಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಷ್ಟೋ ಕಲಾವಿದರ ಬಳಿ ತಮ್ಮದೇ ವಾದನದ ಒಂದು ತುಣುಕೂ ಇರುವುದಿಲ್ಲ.

ಫೈಲುಗಳ ಮೂರು ಪ್ರತಿ ಇರಲಿ, ಬೇರೆ ಬೇರೆ ಡಿಸ್ಕಿನಲ್ಲಿ, ಒಂದು ಕರಾವಳಿಯ ತೇವದಿಂದ ದೂರ ಹೊರದೇಶದ ಗೆಳೆಯನ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಮೂಲ ಕ್ಯಾಸೆಟ್‌ಗಳನ್ನು ಎಸೆಯಬೇಡಿ. ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ, ಸ್ಪೀಕರಿನಿಂದ ದೂರ, ಮಳೆ ಹೊಡೆಯುವ ಗೋಡೆಗೆ ತಾಗದ ಕಪಾಟಿನಲ್ಲಿಡಿ.

ಡಿಸೆಂಬರಿನ ರಾತ್ರಿ ನಕಲನ್ನೇ ಹಾಕಿ. ಕೇಳುತ್ತಾ ನೀವು ಆಡುವ ಮಾತನ್ನೂ ರೆಕಾರ್ಡ್ ಮಾಡುವುದಿದ್ದರೆ ಫೋನನ್ನು ಸ್ಪೀಕರಿನ ಎದುರು ಇಡಬೇಡಿ, ನಿಮ್ಮ ನಾಲ್ವರ ನಡುವೆ ಮಡಚಿದ ಟವೆಲಿನ ಮೇಲೆ ಇಡಿ, ಹಾಡಿನ ಸದ್ದನ್ನು ಮಾತಿಗಿಂತ ಒಂದು ಮೆಟ್ಟಿಲು ಕೆಳಗಿರಿಸಿ. ಮೊದಲಿಗೆ ಹಾಕಬೇಕಾದದ್ದು ಯಾವ ಕ್ಯಾಸೆಟ್ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ: ಆ ಗೆಳೆಯನ ಪಿಸುಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವ ಮೈ ಯಾವುದೆಂದು ಇಳಿಸುವಾಗಲೇ ಗುರುತು ಮಾಡಿಟ್ಟುಕೊಳ್ಳಿ, ಅದರ ಒಂದು ಪ್ರತಿಯನ್ನು ಅಂದಿಗಿಂತ ಮೊದಲೇ ಅವನ ಮನೆಗೆ ಮುಟ್ಟಿಸಿ.